ಉತ್ತರಕ್ಕೆ ಬಿಟ್ಟ ಜಾಗ

"ಬ್ಯಾಂಕಿಗೆ ಫೋನ್ ಮಾಡಿದ್ರೆ ಬರೋದು ನೀವೇ ಅಲ್ವಾ? ಸಾಲಕ್ಕಾಗಿ ಎರಡನ್ನು ಒತ್ತಿ ಅಂತ?"

ಬಾಗಿಲಲ್ಲಿ ನಿಂತ ಹೆಂಗಸು ಒದ್ದೆ ಕೈಯನ್ನು ಟವೆಲಿಗೆ ಒರೆಸಿಕೊಳ್ಳುತ್ತ, ಗುರುತು ಹಿಡಿದ ಖುಷಿಯಲ್ಲಿ ಕಣ್ಣರಳಿಸಿದಳು. ಉದ್ಘೋಷಕಿ ನಕ್ಕಳು. ಬೆಳಗಿನಿಂದ ಹೀಗೆ ನಗುತ್ತಲೇ ಇದ್ದುದರಿಂದ ಕೆನ್ನೆ ನೋಯಲು ಶುರುವಾಗಿತ್ತು.

"ಅಲ್ಲಮ್ಮ, ನಾನು ರೇಡಿಯೋದವಳು. ಮಧ್ಯಾಹ್ನದ ಕಾರ್ಯಕ್ರಮ ನಡೆಸ್ತೀನಿ. ನಿಮ್ಮ ಮನೆಯಲ್ಲಿ ರೇಡಿಯೋ ಕೇಳ್ತೀರಾ ಅಂತ ತಿಳ್ಕೊಳ್ಳೋಕೆ ಬಂದೆ."

"ಅಯ್ಯೋ, ರೇಡಿಯೋ ಇನ್ನೂ ಇದೆಯಾ!"

ಆ ಮಾತಿನಲ್ಲಿ ಕುಹಕವಿರಲಿಲ್ಲ. ಯಾವಾಗಲೋ ಹೋಗಿಬಿಟ್ಟಿದ್ದಾಳೆ ಎಂದುಕೊಂಡಿದ್ದ ದೂರದ ಅಜ್ಜಿ ಇನ್ನೂ ಗಟ್ಟಿಮುಟ್ಟಾಗಿದ್ದಾಳೆ ಎಂದು ತಿಳಿದವರು ಸಂತೋಷಪಡುವ ಹಾಗೆ ಅವಳು ಸಂತೋಷಪಟ್ಟಳು. ಕುಡಿಯಲು ನೀರು ಬೇಕೇ ಎಂದು ಕೇಳಿದಳು, ಬೇಡವೆಂದಾಗ ಬಾಗಿಲು ಹಾಕಿಕೊಂಡಳು. ಉದ್ಘೋಷಕಿ ಕೈಯಲ್ಲಿದ್ದ ಹಾಳೆಯಲ್ಲಿ ಇನ್ನೊಂದು 'ಇಲ್ಲ' ಬರೆದು ಮೆಟ್ಟಿಲಿಳಿದಳು.

ರಸ್ತೆಯ ಆಚೆ ಬದಿಯ ಮನೆಗಳು ಧ್ವನಿಮುದ್ರಕನ ಪಾಲಿಗೆ ಬಂದಿದ್ದವು. ಯಾವಾಗಲೂ ದನಿಯ ಏರಿಳಿತ ತೋರಿಸುವ ಮೀಟರಿನ ಮುಳ್ಳಿನ ಮೇಲೇ ಕಣ್ಣಿಟ್ಟಿರುತ್ತಿದ್ದ ಅವನಿಗೆ ಕೇಂದ್ರದಲ್ಲಿ ಮುಳ್ಳಪ್ಪ ಎಂದೇ ಹೆಸರು. ಹೊಟ್ಟೆ ಮುಂದೆ, ತಾನು ಹಿಂದೆ ಎಂಬಂತೆ ನಡೆಯುತ್ತಿದ್ದ ಅವನು ಅಲ್ಲಿಂದಲೇ ಕೂಗಿದ: "ಅಕ್ಕಾ, ಇಲ್ಲೊಂದು ಮನೆಯಲ್ಲಿ ದಿನವಿಡೀ ಹಾಕಿರ್ತಾರಂತೆ!"

ಅವಳು ಬೇಗಬೇಗ ರಸ್ತೆಯಂಚಿಗೆ ಬಂದಳು. "ಯಾರು? ಅಜ್ಜನಾ, ಅಜ್ಜೀನಾ?"

"ಇಬ್ಬರೂ ಅಲ್ಲ. ಗಂಡಹೆಂಡತಿ ಕೆಲಸಕ್ಕೆ ಹೋಗುವಾಗ ಹಾಕಿಟ್ಟು ಬೀಗ ಹಾಕ್ತಾರಂತೆ. ಒಳಗೆ ಜನ ಇದಾರೆ ಅಂತ ಕಳ್ಳರು ಅಂದ್ಕೊಳ್ಳಲಿ ಅಂತ. ಏನು ಬರೀಲಿ? ಕೇಳೋರು ಕಳ್ಳರು ಅಂತ ಬರೀಲಾ?"

ಇಬ್ಬರೂ ರಸ್ತೆಯ ಎರಡು ಬದಿಯಲ್ಲಿ ನಿಂತು ನಕ್ಕರು. ನಗು ಮುಗಿದ ಮೇಲೆ ಅವಳಿಗೆ ಬಿಸಿಲು ಹೆಚ್ಚಾದಂತೆನಿಸಿತು.

ಮಧ್ಯಾಹ್ನದ ಆ ಅರ್ಧ ಗಂಟೆಯನ್ನು ಈ ಊರಿನ ಕೇಂದ್ರದಿಂದಲೇ ಮುಂದುವರಿಸಬೇಕೋ, ಅಥವಾ ಮುಖ್ಯ ಕೇಂದ್ರದಿಂದ ಬರುವುದನ್ನೇ ಹಾಗೇ ದಾಟಿಸಿದರೆ ಸಾಕೋ ಎಂಬುದು ಈ ವಾರ ತೀರ್ಮಾನವಾಗಬೇಕಿತ್ತು. ನಿರ್ದೇಶಕರು ಕೆಟ್ಟವರಲ್ಲ, "ಮನೆಗಳಲ್ಲಿ ಯಾರಾದರೂ ಕೇಳ್ತಿದಾರೆ ಅಂತ ತೋರಿಸಿ, ನಾನು ಜಗಳ ಆಡ್ತೀನಿ" ಎಂದಿದ್ದರು. ಒಂದೇ ಷರತ್ತು, ಸಿಬ್ಬಂದಿಯ ಮನೆಗಳು ಲೆಕ್ಕಕ್ಕಿಲ್ಲ. ಹಾಗಾಗಿ ಕೇಂದ್ರದವರೆಲ್ಲ ಒಂದೊಂದು ಬೀದಿ ಹಂಚಿಕೊಂಡು ಹೊರಟಿದ್ದರು. ಆ ಅರ್ಧ ಗಂಟೆ ಹೋದರೂ ಅವಳ ಕೆಲಸವೇನೂ ಹೋಗುತ್ತಿರಲಿಲ್ಲ, ಬೆಳಗಿನ ಹವಾಮಾನ ಮತ್ತು ಸೂಚನೆಗಳನ್ನು ಓದುವುದು ಉಳಿಯುತ್ತಿತ್ತು. ಆದರೆ ಹವಾಮಾನ ಓದುವಾಗ ಯಾರನ್ನೂ ಏನನ್ನೂ ಕೇಳುವ ಹಾಗಿಲ್ಲ.

ಮಧ್ಯಾಹ್ನದ ಕಾರ್ಯಕ್ರಮ ಒಂದು ಪ್ರಶ್ನೆಯಿಂದಲೇ ಶುರುವಾಗುತ್ತಿತ್ತು. "ನಮಸ್ಕಾರ. ಊಟ ಆಯ್ತಾ?" ಎಂದು ಕೇಳಿ ಅವಳು ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದಳು. ಆಮೇಲೆ, "ಒಳ್ಳೆಯದು. ಹಾಗಾದರೆ ಆರಾಮಾಗಿ ಕೂತ್ಕೊಳ್ಳಿ," ಎನ್ನುತ್ತಿದ್ದಳು. ಅವಳಿಗೆ ಕೆಲಸ ಕಲಿಸಿದ ಹಿರಿಯ ಉದ್ಘೋಷಕರು ಹೇಳಿಕೊಟ್ಟದ್ದು ಅದು: ಕೇಳಿದ ಮೇಲೆ ಉತ್ತರಕ್ಕೆ ಜಾಗ ಬಿಡಬೇಕು, ಇಲ್ಲದಿದ್ದರೆ ಅದು ಪ್ರಶ್ನೆಯೇ ಅಲ್ಲ, ಬರೀ ಸದ್ದು. ಆ ಜಾಗಕ್ಕಾಗಿ ಅವಳಿಗೂ ಮುಳ್ಳಪ್ಪನಿಗೂ ಮೊದಲಿನಿಂದ ಕಿತ್ತಾಟ. "ಅಕ್ಕ, ಇನ್ನೊಂಚೂರು ಸುಮ್ಮನಿದ್ರೆ ಆ ಕಡೆ ಟ್ರಾನ್ಸ್‌ಮಿಟರಿನಲ್ಲಿರೋ ಯಂತ್ರ ಏನೋ ಕೆಟ್ಟೋಗಿದೆ ಅಂತ ತಿಳ್ಕೊಂಡು ತಾನೇ ಪಿಟೀಲು ಹಾಕಿಬಿಡುತ್ತೆ. ಅದಕ್ಕೆ ಮೌನ ಅಂದ್ರೆ ಕಾಯಿಲೆ," ಎನ್ನುತ್ತಿದ್ದ. ಅವಳು ಯಂತ್ರಕ್ಕೆ ಸಂಶಯ ಬರುವುದಕ್ಕೆ ಬಹಳ ಮುಂಚೆಯೇ ಮಾತು ಎತ್ತಿಕೊಳ್ಳುತ್ತಿದ್ದಳು.

ಆ ಜಾಗದಲ್ಲಿ ಯಾರಾದರೂ ಉತ್ತರಿಸುತ್ತಾರೆಂದು ಅವಳು ಮನಸ್ಸಿನಲ್ಲೇ ನಂಬಿಕೊಂಡಿದ್ದಳು. ಇವತ್ತು ಬಾಗಿಲಿಂದ ಬಾಗಿಲಿಗೆ ಹೋದಂತೆಲ್ಲ ಆ ನಂಬಿಕೆ ಹಳೆಯ ಸುಣ್ಣದಂತೆ ಹಕ್ಕಳೆ ಹಕ್ಕಳೆಯಾಗಿ ಉದುರುತ್ತಿತ್ತು. ಒಬ್ಬರು ಕಾರಿನಲ್ಲಿ ಮಾತ್ರ ಕೇಳುವುದು ಎಂದರು. ಒಬ್ಬರ ಮನೆಯಲ್ಲಿ ರೇಡಿಯೋದ ಮೇಲೆ ಹೂಕುಂಡವಿತ್ತು; ಕುಂಡ ಎತ್ತಿದರೆ ಕಲೆ ಕಾಣುತ್ತದೆಂದು ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಒಬ್ಬ ಮುದುಕರು ಒಳಗೆ ಕರೆದು ಕೂರಿಸಿ, ಹಿಂದೆ ಕೇಳುತ್ತಿದ್ದ ಕಾಲದ ಬಗ್ಗೆ ತುಂಬ ಚೆನ್ನಾಗಿ ಮಾತಾಡಿದರು. ಈಗ ಕೇಳುತ್ತೀರಾ ಎಂದರೆ, "ಈಗ ಎಲ್ಲಿ ಸಿಗುತ್ತಮ್ಮ ಅಂಥ ರೇಡಿಯೋ," ಎಂದು ನಿಟ್ಟುಸಿರಿಟ್ಟರು. ಸೆಟ್ಟು ಅವರ ಪಕ್ಕದಲ್ಲೇ ಇತ್ತು.

ಬೀದಿಯ ಕೊನೆಯ ತಿರುವು ದಾಟಿದರೆ ಅವಳದೇ ಮನೆಯ ಬೀದಿ. "ಅಲ್ಲಿ ನಿಮ್ಮ ಮನೆ ಬಿಟ್ಟು ಉಳಿದದ್ದು ಮುಗಿಸಿಬಿಡಿ, ನಾನು ಈ ಕಳ್ಳರ ಮನೆಯ ಪಕ್ಕದವರನ್ನ ವಿಚಾರಿಸಿ ಬರ್ತೀನಿ," ಎಂದ ಮುಳ್ಳಪ್ಪ.

ಮಧ್ಯಾಹ್ನದ ಈ ಹೊತ್ತಿನಲ್ಲಿ ತನ್ನ ಬೀದಿಯನ್ನು ಅವಳು ನೋಡಿದ್ದೇ ಅಪರೂಪ. ಕೆಲಸದ ದಿನಗಳಲ್ಲಿ ಈ ಹೊತ್ತಿಗೆ ಅವಳು ಸ್ಟುಡಿಯೋದ ಗಾಜಿನ ಹಿಂದೆ ಇರುತ್ತಿದ್ದಳು. ನೆರಳೆಲ್ಲ ಗೋಡೆಗಳ ಬುಡ ಸೇರಿತ್ತು. ಬಾಯಿ ಒಣಗಿತ್ತು. ಮನೆಗೆ ಹೋಗಿ ಒಂದು ಲೋಟ ನೀರು ಕುಡಿದು ಬಂದರೆ ಯಾರೂ ಬೇಡವೆನ್ನುವುದಿಲ್ಲ ಎಂದುಕೊಂಡು ಗೇಟಿನತ್ತ ನಡೆದಳು.

ಮನೆಯಲ್ಲಿ ಗಂಡ ಇರುತ್ತಾರೆ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ. ಬಸ್ಸಿನ ಕೆಲಸದಿಂದ ನಿವೃತ್ತರಾದ ಮೇಲೆ ಆ ಕುರ್ಚಿಯೇ ಅವರ ಡ್ರೈವರ್ ಸೀಟು. ಅವಳಿಗೆ ಅವರ ಪರಿಚಯವಾದದ್ದೂ ಸೀಟಿನಿಂದಲೇ. ಬೆಳಗಿನ ಪಾಳಿಗೆ ಹೋಗಲು ಅವಳು ಹತ್ತುತ್ತಿದ್ದ ಮೊದಲ ಬಸ್ಸನ್ನು ಅವರು ಓಡಿಸುತ್ತಿದ್ದರು, ತಲೆಯ ಮೇಲೆ 'ಚಾಲಕರೊಂದಿಗೆ ಮಾತನಾಡಬೇಡಿ' ಎಂಬ ಬೋರ್ಡು. ಅವಳು ಮುಂದಿನ ಸೀಟಿನಲ್ಲಿ ಕೂತು ಆ ಬೋರ್ಡಿಗೆ ಮರ್ಯಾದೆ ಕೊಡುತ್ತಿದ್ದಳು. ಅವಳನ್ನು ಇಳಿಸಿ ಡಿಪೋಗೆ ಹೋದರೆ ಕ್ಯಾಂಟೀನಿನ ರೇಡಿಯೋದಲ್ಲಿ ಅವಳ ದನಿ! "ಇಷ್ಟು ಹೊತ್ತು ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದವಳು ಇಲ್ಲಿ ಬಂದು ಊರಿಗೆಲ್ಲ ಮಾತಾಡ್ತಿದಾಳಲ್ಲಪ್ಪ ಅಂತ ಟೀ ಚೆಲ್ಲಿಕೊಂಡೆ," ಎಂದು ಮದುವೆಯಾದ ಮೇಲೆ ಅವರು ಎಷ್ಟು ಸಲ ಹೇಳಿದ್ದರೋ. ಆಗ ಅವಳನ್ನು 'ಏ ರೇಡಿಯೋ' ಎಂದೇ ಕರೆಯುತ್ತಿದ್ದರು.

ದಿನವೆಲ್ಲ ಬೋರ್ಡಿನ ಕೆಳಗೆ ತುಟಿ ಬಿಗಿದು ಕೂತಿದ್ದವರು ಸಂಜೆ ಮನೆಗೆ ಬಂದರೆ ಕಟ್ಟೆಯೊಡೆದ ಹಾಗೆ ಮಾತು. ಚಿಲ್ಲರೆಗೆ ಜಗಳವಾಡಿದವರು, ಸ್ಟಾಪು ತಪ್ಪಿಸಿಕೊಂಡವರು, ನಿದ್ದೆಯಲ್ಲಿ ಪಕ್ಕದವರ ಭುಜಕ್ಕೆ ಒರಗಿದವರು, ಎಲ್ಲರ ದನಿಯನ್ನೂ ಅವರು ಅಣಕಿಸಿ ತೋರಿಸುತ್ತಿದ್ದರು. ಅವಳು ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು. ನಿವೃತ್ತಿಯಾದ ಮೇಲೆ ಅದೆಲ್ಲ ನಿಂತುಹೋಯಿತು. ಪ್ರಯಾಣವಿಲ್ಲದವರಿಗೆ ಹೇಳಲು ಏನಿರುತ್ತದೆ ಎಂದು ಅವಳೇ ಸಮಾಧಾನ ಮಾಡಿಕೊಂಡಿದ್ದಳು. ಈಗ ಸಂಜೆ ಮನೆಯಲ್ಲಿ 'ಹೂಂ' 'ಉಹೂಂ'ಗಳಲ್ಲೇ ಸಂಸಾರ ನಡೆಯುತ್ತಿತ್ತು. ಜಗಳವಾದರೂ ಆಗಿದ್ದರೆ ರಾಜಿಯಾಗಬಹುದಿತ್ತು. ಆಗಿರಲಿಲ್ಲ. ನೀರು ಆವಿಯಾಗುವ ಹಾಗೆ, ಯಾವ ಹೊತ್ತಿಗೆ ಎಂದು ಬೆರಳಿಟ್ಟು ಹೇಳಲಾಗದಂತೆ, ಮಾತು ಕಡಿಮೆಯಾಗಿತ್ತು.

ಗೇಟಿನ ಚಿಲಕಕ್ಕೆ ಕೈಯಿಟ್ಟವಳು ಅಲ್ಲೇ ನಿಂತಳು.

ಕಿಟಕಿಯಿಂದ ಸಂಗೀತ ಕೇಳಿಸಿತು, ಅವಳ ಕಾರ್ಯಕ್ರಮದ ಆರಂಭದ್ದು. ನಿನ್ನೆಯೇ ಮುದ್ರಿಸಿಟ್ಟು ಬಂದಿದ್ದ ಇವತ್ತಿನ ಭಾಗ. ಸಂಗೀತ ಇಳಿದು ಅವಳದೇ ದನಿ ಬಂತು. ಹೊರಗಿನಿಂದ ಕೇಳಿದರೆ ಅದು ಅವಳಿಗಿಂತ ಚಿಕ್ಕವಳ, ಇನ್ನೂ ಏನೂ ಸುಸ್ತಾಗದವಳ ದನಿಯಂತಿತ್ತು.

"ನಮಸ್ಕಾರ. ಊಟ ಆಯ್ತಾ?"

"ಆಯ್ತು ಕಣೇ," ಎಂದರು ಒಳಗಿಂದ ಗಂಡ. "ಬೆಳಿಗ್ಗೆ ನೀನು ಮಾಡಿಟ್ಟಿದ್ದನ್ನ ಬಿಸಿ ಮಾಡೋಕೆ ಹೋಗಿ ತಳ ಹಿಡಿಸ್ಬಿಟ್ಟೆ. ಪಾತ್ರೆ ನೆನೆ ಹಾಕಿದೀನಿ, ನೀನು ಬರೋದ್ರೊಳಗೆ ಉಜ್ಜಿ..."

"ಒಳ್ಳೆಯದು. ಹಾಗಾದರೆ ಆರಾಮಾಗಿ ಕೂತ್ಕೊಳ್ಳಿ."

"ಕೂತ್ಕೋತೀನಿ, ಮುಗಿಸೋಕೆ ಬಿಡೇ! ಯಾವಾಗ್ಲೂ ಇದೇ ಆಯ್ತು ನಿಂದು. ಉಜ್ಜಿ ಇಡ್ತೀನಿ ಅಂದೆ. ನಿಂಗೆ ಗೊತ್ತೂ ಆಗಲ್ಲ."

ಅವಳಿಗೆ ಪಾತ್ರೆಗಳ ತಳ ನೆನಪಾಯಿತು. ಈಚೆಗೆ ಅವು ಹೊಸದರಂತೆ ಹೊಳೆಯುತ್ತಿದ್ದವು. ಸೋಪು ಬದಲಾಯಿಸಿದ್ದರಿಂದ ಎಂದುಕೊಂಡಿದ್ದಳು.

ರೇಡಿಯೋದ ಹೆಂಗಸು ಇವತ್ತಿನ ಮೊದಲ ಹಾಡಿನ ಬಗ್ಗೆ ಎರಡು ಮಾತು ಹೇಳಿದಳು. ಹಾಡು ಶುರುವಾದದ್ದೇ ತಡ, ದನಿ ಸಣ್ಣದಾಯಿತು. ಗಂಡ ಹಾಡನ್ನು ತಗ್ಗಿಸಿದ್ದರು. ಜನ ಹಾಡಿಗಾಗಿ ರೇಡಿಯೋ ಹಾಕುತ್ತಾರೆಂದು ಅವಳು ತಿಳಿದಿದ್ದಳು.

"ಇವತ್ತು ಏನಾಯ್ತು ಗೊತ್ತಾ," ಎಂದರು ಅವರು, ಬಹಳ ದಿನಗಳಿಂದ ಅವಳು ಕೇಳಿರದ ಉತ್ಸಾಹದಲ್ಲಿ. "ಡಿಪೋ ತಿರುವಿನ ಸ್ಟಾಪಿನಲ್ಲಿ ಹೋಗಿ ಕೂತಿದ್ದೆ. ಆ ಹೊಸ ಡ್ರೈವರ್ ಇದಾನಲ್ಲ, ಹುಲ್ಲುಕಡ್ಡಿ ಮೀಸೆ, ನಿನ್ನೆ ಹೇಳಿದ್ನಲ್ಲ. ತಿರುವಿನೊಳಗೆ ಬಂದಮೇಲೆ ಬ್ರೇಕ್ ಒತ್ತುತಾನೆ ಕಣೇ! ತಿರುವಿಗೆ ಮುಂಚೆ ಒತ್ತಬೇಕು, ತಿರುವಿನಲ್ಲಿ ಬಿಡಬೇಕು. ಬಸ್ಸು ತಾನೇ ತಿರುಗುತ್ತೆ, ಹಸು ಮನೆ ಕಡೆ ತಿರುಗಿದ ಹಾಗೆ. ಇವನು ಒತ್ತಿದ ನೋಡು, ಹಿಂದುಗಡೆ ನಿಂತಿದ್ದ ಹೆಂಗಸು ಸೀದಾ ಇಂಜಿನ್ ಹತ್ರ ಬಂದ್ಬಿಟ್ಳು. ಬಂದವಳು ಏನಂದ್ಳು ಗೊತ್ತಾ?" ಇಲ್ಲಿ ಗಂಡನ ದನಿ ಕೀರಲಾಯಿತು: "'ಏನಪ್ಪಾ ರಾಜಾ, ನಾನು ಟಿಕೆಟ್ ತಗೊಂಡಿದ್ದು ಬಸ್ಸಿಗೋ, ಉಯ್ಯಾಲೆಗೋ?'"

ಗೇಟಿನ ಹೊರಗೆ ನಿಂತಿದ್ದವಳು ಬಾಯಿಗೆ ಕೈ ಅಡ್ಡ ಹಿಡಿದಳು. ನಗು ಬಂದುಬಿಟ್ಟಿತ್ತು. ಒಳಗೆ ಅವರೂ ನಗುತ್ತಿದ್ದರು. ಗೋಡೆಯ ಎರಡು ಬದಿಯಲ್ಲಿ ಇಬ್ಬರೂ ಒಂದೇ ಮಾತಿಗೆ ನಗುತ್ತಿದ್ದುದು ಅವಳೊಬ್ಬಳಿಗೇ ಗೊತ್ತಿತ್ತು.

ಒಳಗೆ ಓಡಿಹೋಗಬೇಕೆನಿಸಿತು. ಹೋಗಿ ಆ ಕುರ್ಚಿಯ ಎದುರು ಕೂತು, "ಆಮೇಲೆ? ಅವನು ಏನಂದ?" ಎಂದು ಕೇಳಬೇಕು. ಆದರೆ ಚಿಲಕ ತೆಗೆದರೆ ಕಿರುಗುಟ್ಟುತ್ತದೆ, ಕಿರುಗುಟ್ಟಿದರೆ ಈ ಮಾತು ನಿಲ್ಲುತ್ತದೆ. ರೇಡಿಯೋದ ಒಳಗಿದ್ದ ಆ ಹೆಂಗಸಿನ ಮೇಲೆ ಅವಳಿಗೆ ಹೊಟ್ಟೆಕಿಚ್ಚಾಯಿತು. ಅವಳ ಬಳಿ ಎಷ್ಟೊಂದು ಹೇಳುತ್ತಿದ್ದರು, ಅದೂ ನಿನ್ನೆ, ಮೊನ್ನೆ, ದಿನಾ. ಆ ಹೆಂಗಸು ಒಂದನ್ನೂ ಕೇಳಿಸಿಕೊಂಡಿರಲಿಲ್ಲ.

ಹಾಡು ಮುಗಿದು ಅವಳ ದನಿ ಬಂದಾಗ ರೇಡಿಯೋ ಮತ್ತೆ ದೊಡ್ಡದಾಯಿತು. ಆ ದನಿ ಮಾತು ಮುಗಿಸುವವರೆಗೂ ಗಂಡ ತುಟಿ ಪಿಟಕ್ಕೆನ್ನಲಿಲ್ಲ. ಮುಂದಿನ ಹಾಡು ಬಂತು, ತಗ್ಗಿತು.

"ಸಂಜೆ ಹೇಳೋಣ ಅಂದ್ರೆ ನೀನು ಸುಸ್ತಾಗಿ ಬಂದಿರ್ತೀಯ," ಎಂದರು ಅವರು, ಈಗ ಮೆಲ್ಲಗೆ. "ಗಂಟಲು ಬಿದ್ದೋಗಿರುತ್ತೆ. ಮನೇಲಾದ್ರೂ ಸುಮ್ಮನಿರೋಣ ಅಂದಿದ್ಯಲ್ಲ. ಸರೀನೇ ಅದು. ನಿನ್ನ ತಲೆ ಮೇಲೂ ಒಂದು ಬೋರ್ಡ್ ಇದೆ ಅಂದ್ಕೊಂಡಿದೀನಿ. ಅದಕ್ಕೇ ಎಲ್ಲ ಈಗಲೇ ಹೇಳ್ಬಿಡ್ತೀನಿ."

ಹಾಗೆಂದು ಅವಳು ಯಾವಾಗ ಹೇಳಿದ್ದಳು? ಗೇಟಿನ ಕಂಬಿ ಹಿಡಿದು ಹುಡುಕಿದಳು. ಅವರು ನಿವೃತ್ತರಾದ ಹೊಸತರಲ್ಲಿ ಅವಳ ಗಂಟಲು ಕೆಟ್ಟಿತ್ತು, ಡಾಕ್ಟರು ಮಾತು ಕಡಿಮೆ ಮಾಡಿ ಎಂದಿದ್ದರು. ಒಂದು ಸಂಜೆ ಚಪ್ಪಲಿ ಬಿಡುತ್ತ ಹೇಳಿರಬೇಕು. ಗಂಟಲು ವಾರದಲ್ಲಿ ವಾಸಿಯಾಗಿತ್ತು, ಹೇಳಿದ್ದು ಮರೆತೂ ಹೋಗಿತ್ತು. ಇವರು ಮಾತ್ರ ಸಿಗ್ನಲ್ ಹಸಿರಾಗಲಿ ಎಂದು ಕಾಯುವವರಂತೆ ಇಷ್ಟು ದಿನ ಅಲ್ಲೇ ನಿಂತುಬಿಟ್ಟಿದ್ದರು.

ಮುಕ್ತಾಯದ ಸಂಗೀತ ಮುಗಿಯುವವರೆಗೂ ಅವಳು ಬಿಸಿಲಿನಲ್ಲೇ ನಿಂತಿದ್ದಳು. ಆಮೇಲೆ ಬೇಕೆಂದೇ ಗೇಟನ್ನು ಜೋರಾಗಿ ಕಿರುಗುಟ್ಟಿಸಿದಳು.

"ಬಂದ್ಯಾ," ಎಂದರು ಗಂಡ ಕುರ್ಚಿಯಿಂದ. ರೇಡಿಯೋ ಆರಿತ್ತು.

"ಹೂಂ. ಈ ಕಡೆ ಕೆಲಸ ಇತ್ತು. ನೀರು ಕುಡಿದು ಹೋಗ್ತೀನಿ."

ಅವರು ಎದ್ದು ನೀರು ತಂದುಕೊಟ್ಟರು. ಅವಳು ಅವರನ್ನೇ ನೋಡುತ್ತ ಕುಡಿದಳು. "ಊಟ ಆಯ್ತಾ?" ಎಂದು ಕೇಳಿದಳು. ತನ್ನ ದನಿ ತನಗೇ ಒರಟಾಗಿ ಕೇಳಿಸಿತು.

"ಹೂಂ."

ಅವಳು ಕಾದಳು. ಅವರು ಖಾಲಿ ಲೋಟಕ್ಕಾಗಿ ಕೈಚಾಚಿದರು.

"ರೀ, ಕೇಂದ್ರದವರು ಎಲ್ಲರ ಮನೇಲೂ ಕೇಳಿ ಅಂದಿದಾರೆ. ಮನೇಲಿ ರೇಡಿಯೋ ಕೇಳ್ತೀರಾ?"

"ಎಲ್ಲಿ..." ಎಂದರು ಅವರು, ಲೋಟದ ತಳ ನೋಡುತ್ತ. "ಒಂದೊಂದ್ಸಲ. ನಿದ್ದೆ ಬರಲಿ ಅಂತ."

ಅವರು ಒಳಗೆ ಹೋದಾಗ ಅವಳು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ್ದ ರೇಡಿಯೋದ ಅಡಾಪ್ಟರಿನ ಮೇಲೆ ಅಂಗೈ ಇಟ್ಟಳು. ಅದಿನ್ನೂ ಬೆಚ್ಚಗಿತ್ತು.

ಆ ಸಂಜೆ ಅವಳು ಪ್ರಯತ್ನಪಟ್ಟಳು. ಚಪ್ಪಲಿ ಬಿಡುತ್ತಲೇ, "ಇವತ್ತು ನನಗೆ ಒಂಚೂರೂ ಸುಸ್ತಿಲ್ಲ ಕಣ್ರೀ," ಎಂದಳು. ಗಂಡ ಅವಳ ಬಿಸಿಲಿಗೆ ಕೆಂಪಾದ ಮುಖ ನೋಡಿದರು. "ಮುಖ ನೋಡಿದ್ರೆ ಗೊತ್ತಾಗಲ್ವಾ? ಹೋಗು, ಸ್ವಲ್ಪ ಹೊತ್ತು ಅಡ್ಡಾಗು," ಎಂದು ಫ್ಯಾನು ಹಾಕಿದರು. "ಅಲ್ಲ, ನೀವು ಏನಾದ್ರೂ ಹೇಳಿ." "ಏನು ಹೇಳ್ಲಿ? ಮನೇಲಿ ಕೂತಿರೋನು." ಅಷ್ಟು ಅಕ್ಕರೆಯಿಂದ ಮುಚ್ಚಿದ ಬಾಗಿಲನ್ನು ಹೇಗೆ ತಟ್ಟುವುದೆಂದು ಅವಳಿಗೆ ತಿಳಿಯಲಿಲ್ಲ. ಗೇಟಿನ ಹೊರಗೆ ನಿಂತಿದ್ದೆ ಎಂದುಬಿಡಬಹುದಿತ್ತು. ಆದರೆ ಅದನ್ನು ಕೇಳಿ ನಾಳೆಯಿಂದ ಅವರು ಕಿಟಕಿ ಮುಚ್ಚಿಕೊಂಡರೆ, ರೇಡಿಯೋದ ಮುಂದೆಯೂ ನಾಚಿಕೊಂಡರೆ?

ಮರುದಿನ ನಿರ್ದೇಶಕರು ಹಾಳೆಗಳನ್ನೆಲ್ಲ ನೋಡಿ ಕನ್ನಡಕ ತೆಗೆದಿಟ್ಟರು. "ಯಾವ ಮುಖ ಇಟ್ಕೊಂಡು ಜಗಳ ಆಡ್ಲಮ್ಮ? ಮನೆಗಳಲ್ಲಿ ಯಾರೂ ಕೇಳ್ತಿಲ್ಲ."

"ನಮ್ಮ ಮನೇಲಿ ಕೇಳ್ತಾರೆ ಸಾರ್."

"ಸಿಬ್ಬಂದಿ ಮನೆ ಲೆಕ್ಕಕ್ಕಿಲ್ಲ ಅಂದಿದ್ನಲ್ಲ." ಅವರು ತಮಾಷೆಯೆಂದು ನಗಲು ಹೊರಟು, ಅವಳ ಮುಖ ನೋಡಿ ನಿಲ್ಲಿಸಿದರು. "ಈ ತಿಂಗಳ ಕೊನೆವರೆಗೂ ಮಾಡಿ. ಆಮೇಲೆ ಮುಖ್ಯ ಕೇಂದ್ರದ್ದು."

ಕಾರಿಡಾರಿನಲ್ಲಿ ಮುಳ್ಳಪ್ಪ ಕಾಯುತ್ತಿದ್ದ. ವಿಷಯ ಅವನಿಗೆ ಆಗಲೇ ತಿಳಿದಿತ್ತು. "ಆ ಕಳ್ಳರನ್ನಾದ್ರೂ ಲೆಕ್ಕಕ್ಕೆ ಸೇರಿಸಬೇಕಿತ್ತು," ಎಂದು ನಗಿಸಲು ನೋಡಿದ. ಅವಳು ನಗಲಿಲ್ಲ.

"ನಿನ್ನ ಯಂತ್ರಕ್ಕೆ ಸಂಶಯ ಬರೋಕೆ ನಿಜವಾಗಿ ಎಷ್ಟು ಹೊತ್ತು ಬೇಕು?"

"ಯಾಕಕ್ಕ?"

"ಹೇಳು."

ಅವನು ತಲೆ ಕೆರೆದುಕೊಂಡ. "ನಾನು ಹೆದರಿಸ್ತಾ ಇದ್ದಷ್ಟು ಬೇಗ ಏನಲ್ಲ. ಒಬ್ಬ ಮನುಷ್ಯ ಎರಡು ಮೂರು ಮಾತು ಹೇಳಿ ಮುಗಿಸಬಹುದು. ಅದಕ್ಕಿಂತ ಹೆಚ್ಚು ಬೇಡ."

"ಸಾಕು," ಎಂದಳು. "ಮುದ್ರಿಸಿದ ಮೇಲೆ ನೀನು ಒಂದು ಚೂರೂ ಕತ್ತರಿಸಬಾರದು."

ಸ್ಟುಡಿಯೋದ ದಪ್ಪ ಬಾಗಿಲು ಹಿಂದೆ ಮುಚ್ಚಿಕೊಂಡಾಗ ಎಂದಿನಂತೆ ಕಿವಿಯ ಮೇಲೆ ಹತ್ತಿಯಿಟ್ಟ ಹಾಗಾಯಿತು. ಅವಳು ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಂಡು ಕೂತಳು. ಗಾಜಿನ ಆಚೆ ಮುಳ್ಳಪ್ಪ ಕೈಯೆತ್ತಿದ, ಇಳಿಸಿದ. ಕೆಂಪು ದೀಪ ಹತ್ತಿತು. ಆರಂಭದ ಸಂಗೀತ ಬಂತು, ಇಳಿಯಿತು.

"ನಮಸ್ಕಾರ," ಎಂದಳು. "ಊಟ ಆಯ್ತಾ? ಪಾತ್ರೆ ಉಜ್ಜೋದೇನೂ ಬೇಡ, ಬಂದು ನಾನೇ ಉಜ್ಜುತೀನಿ." ಉಸಿರೆಳೆದುಕೊಂಡಳು. "ಇವತ್ತು ಆ ತಿರುವಿನಲ್ಲಿ ಬ್ರೇಕು ಮುಂಚೆ ಒತ್ತಿದನಾ, ಇಲ್ಲಾ ಮತ್ತೆ ಎಲ್ಲರನ್ನೂ ಉಯ್ಯಾಲೆ ಆಡಿಸಿದನಾ?"

ಮುಳ್ಳಪ್ಪ ತಲೆಯೆತ್ತಿ ಗಾಜಿನಾಚೆಯಿಂದ ಅವಳನ್ನು ನೋಡಿದ. ಕೆಂಪು ದೀಪ ಉರಿಯುತ್ತಿರುವಾಗ ಏನೂ ಕೇಳುವ ಹಾಗಿರಲಿಲ್ಲ. ಅವಳು ಮೊಣಕೈಯನ್ನು ಮೇಜಿನ ಮೇಲೂರಿ, ಗಲ್ಲವನ್ನು ಅಂಗೈಯಲ್ಲಿಟ್ಟು, ಮೈಕಿನತ್ತ ತುಸು ಮುಂದೆ ಬಾಗಿದಳು. ಮೀಟರಿನ ಮುಳ್ಳು ಒಮ್ಮೆ ನಡುಗಿ, ಎಡಕ್ಕೆ ಇಳಿದು, ಸೊನ್ನೆಗೆ ಒರಗಿಕೊಂಡಿತು. ಅವನ ಕೈ ಮುದ್ರಣ ನಿಲ್ಲಿಸುವ ಬಟನ್ನಿನ ಹತ್ತಿರ ಹೋಯಿತು, ಒತ್ತದೆ ಅಲ್ಲೇ ನಿಂತಿತು.